ಸಭೆಯ ಸೇವೆಗೆ ವರ್ಷದ ಆದ್ಯತೆ

ಚರ್ಚಿನ ಸಭೆಯೊಂದು ತನ್ನ ಸ್ವಯಂಸೇವೆಗೆ ವರ್ಷದ ಆದ್ಯತೆ ಗೊತ್ತುಮಾಡುವುದೆಂದರೆ, ಇರುವಷ್ಟು ಜನರ ಬಿಡುವಿನ ಹೊತ್ತನ್ನು ಯಾವ ಕೆಲಸಕ್ಕೆ ಮೊದಲು ಕೊಡಬೇಕು, ಯಾವುದನ್ನು ಆ ವರ್ಷಕ್ಕೆ ಬಿಡಬೇಕು ಎಂದು ತೀರ್ಮಾನಿಸುವುದು. ಮೊದಲರ್ಧದ ಬಗ್ಗೆ ಯಾರ ತಕರಾರೂ ಇರುವುದಿಲ್ಲ. ಎರಡನೆಯ ಅರ್ಧ ಬಂದಾಗ ಮಾತ್ರ ಮೀಟಿಂಗು ತಣ್ಣಗಾಗುತ್ತದೆ. ಹೀಗಾಗಿ ಎಷ್ಟೋ ಕಡೆ ಹಿಂದಿನ ವರ್ಷದ ಪಟ್ಟಿಗೇ ಒಂದೆರಡು ಸಾಲು ಸೇರಿಸಿ ಅದನ್ನೇ ಆದ್ಯತೆ ಎಂದು ಓದಿಬಿಡುತ್ತಾರೆ. ಏನನ್ನೂ ಬಿಡದ ಪಟ್ಟಿ ಆದ್ಯತೆಯ ಪಟ್ಟಿಯಲ್ಲ, ಆಸೆಗಳ ಪಟ್ಟಿ.

ನಂಜನಗೂಡು, ತಿ. ನರಸೀಪುರಗಳಂಥ ತಾಲ್ಲೂಕು ಕೇಂದ್ರಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು ಶೇ. 1.87. ಮಂಗಳೂರು, ಬೆಂಗಳೂರುಗಳ ದೊಡ್ಡ ಸಭೆಗಳನ್ನು ಬಿಟ್ಟು ಒಳನಾಡಿಗೆ ಬಂದರೆ ಒಂದು ಸಭೆ ಎಂದರೆ ಕೆಲವೇ ಮನೆಗಳು. ಆದರೂ ವಿಭಾಗಗಳಿಗೇನೂ ಬರವಿಲ್ಲ: ಭಾನುವಾರದ ಶಾಲೆ, ಸ್ತ್ರೀಯರ ಸಂಘ, ಯೌವನಸ್ಥರ ಕೂಟ, ಗಾಯನ ಮಂಡಳಿ, ಬೇಸಿಗೆ ರಜೆಯ ಬೈಬಲ್ ಶಾಲೆ, ಸುಗ್ಗಿ ಹಬ್ಬ, ಡಿಸೆಂಬರಿನಲ್ಲಿ ಮನೆಮನೆಗೆ ಹೋಗುವ ಕ್ಯಾರಲ್ಸ್. ಹೆಸರುಗಳನ್ನು ನೋಡುತ್ತ ಹೋದರೆ ಎಲ್ಲ ವಿಭಾಗಗಳಲ್ಲೂ ಅದೇ ಹತ್ತು ಹನ್ನೆರಡು ಜನ. ಅವರಲ್ಲಿ ಒಬ್ಬರಿಗೆ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಇದ್ದರೆ, ಇನ್ನೊಬ್ಬರಿಗೆ ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆ ಬಿಟ್ಟು ಬರಲಾಗದು. ಕೈ ಎತ್ತಿ ಒಪ್ಪಿಗೆ ಕೊಟ್ಟವರೆಲ್ಲ ಕೈ ಜೋಡಿಸಿ ದುಡಿಯಲು ಬರುತ್ತಾರೆಂದು ನಂಬಿ ಯೋಜನೆ ಹಾಕುವಂತಿಲ್ಲ.

ದೇವರ ಕೆಲಸಕ್ಕೆ ಲೆಕ್ಕಾಚಾರವೇಕೆ, ನಂಬಿ ಕೈಹಾಕಿದರೆ ಆತನೇ ನಡೆಸುತ್ತಾನೆ ಎಂಬ ಆಕ್ಷೇಪಣೆ ಹಳೆಯದು. ಹೇಳುವವರು ಭಕ್ತಿಯಿಂದಲೇ ಹೇಳುತ್ತಾರೆ. ಆದರೆ ಅವರು ನಂಬುವ ಗ್ರಂಥವೇ ಲೆಕ್ಕದ ಪರವಾಗಿದೆ. ಗೋಪುರ ಕಟ್ಟಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವ ಮಾತು ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಬರುತ್ತದೆ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ಇನ್ನೂ ನೇರವಾದ ಪ್ರಸಂಗವಿದೆ. ಯೆರೂಸಲೇಮಿನ ಸಭೆ ಬೆಳೆದಂತೆ ದಿನನಿತ್ಯದ ಆಹಾರ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವವರ ಗುಂಪಿನ ವಿಧವೆಯರಿಗೆ ಪಾಲು ಸಿಗುತ್ತಿಲ್ಲವೆಂಬ ಗೊಣಗಾಟ ಎದ್ದಿತು. ಅಪೊಸ್ತಲರು ಬೋಧನೆಯನ್ನು ಬಿಟ್ಟು ತಾವೇ ಬಡಿಸಲು ನಿಲ್ಲಲಿಲ್ಲ, ಗೊಣಗಾಟವನ್ನು ತಳ್ಳಿಹಾಕಲೂ ಇಲ್ಲ. ಆ ಕೆಲಸಕ್ಕೆಂದೇ ಏಳು ಜನರನ್ನು ಆರಿಸಿಕೊಡುವಂತೆ ಸಭೆಗೆ ಹೇಳಿದರು. ಆರಿಸಿದ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಯಾರ ಪಾಲು ತಪ್ಪಿತ್ತೋ ಅವರ ಕಡೆಯವರ ಕೈಗೇ ಸೌಟು ಕೊಟ್ಟಂತೆ ಕಾಣುತ್ತದೆ. ಆದ್ಯತೆಯ ಚರ್ಚೆ ಅಲ್ಲಿ ಹುಟ್ಟಿದ್ದು ಸಮಿತಿಯ ಮೇಜಿನಿಂದಲ್ಲ, ಪಂಕ್ತಿಯ ಕೊನೆಯಲ್ಲಿ ಕೂತವರ ದೂರಿನಿಂದ.

ಇಂದಿನ ಸಭೆಗಳಲ್ಲಿ ತೀರ್ಮಾನ ಯಾರ ಕೈಯಲ್ಲಿದೆ ಎಂಬುದು ಪಂಗಡದಿಂದ ಪಂಗಡಕ್ಕೆ ಬೇರೆ. 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಸದಸ್ಯರು ಆರಿಸಿದ ಸಮಿತಿ ಸಭಾಪಾಲಕರೊಂದಿಗೆ ಕೂತು ನಿರ್ಧರಿಸುತ್ತದೆ. ಮೈಸೂರು ಧರ್ಮಪ್ರಾಂತದ ಕಥೋಲಿಕ ಧರ್ಮಕೇಂದ್ರಗಳಲ್ಲಿ ಪಾಲನಾ ಮಂಡಳಿಗೆ ಸಲಹೆ ಕೊಡುವ ಅಧಿಕಾರವಷ್ಟೆ. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ: ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಮಂಡಳಿ ಇರಲೇಬೇಕು, ಪಾಲನಾ ಮಂಡಳಿ ಬಿಷಪರಿಗೆ ಸೂಕ್ತವೆನಿಸಿದರೆ ಮಾತ್ರ. ಹಣಕ್ಕೆ ಕಡ್ಡಾಯ, ಹೊತ್ತಿಗೆ ಐಚ್ಛಿಕ. ಪ್ರಾಟೆಸ್ಟಂಟ್ ಸಭೆಗಳೂ ಇದಕ್ಕಿಂತ ಬಹಳ ಭಿನ್ನವೇನಲ್ಲ. ಸುಗ್ಗಿ ಹಬ್ಬದಲ್ಲಿ ಆರಾಧನೆ ಮುಗಿದ ಮೇಲೆ ಕಾಣಿಕೆಯಾಗಿ ಬಂದ ಕುಂಬಳಕಾಯಿ, ತೆಂಗಿನಕಾಯಿ, ಹುಂಜ, ರಸಬಾಳೆಯ ಗೊನೆ ಹರಾಜಿಗೆ ಬರುತ್ತವೆ. ಯಾರು ಎಷ್ಟಕ್ಕೆ ಕೂಗಿದರು ಎಂಬುದು ಪುಸ್ತಕಕ್ಕೆ ಏರುತ್ತದೆ. ಗೊನೆ ಹೊತ್ತು ತಂದು, ನೆಲ ಗುಡಿಸಿ, ಬೆಂಚು ಜೋಡಿಸಿದವರ ಅರ್ಧ ದಿನ ಯಾವ ಪುಸ್ತಕಕ್ಕೂ ಏರುವುದಿಲ್ಲ. ಬರೆದಿಡದ್ದು ಖರ್ಚಾಗುತ್ತಿದೆ ಎಂಬುದು ಅದು ಮುಗಿದ ಮೇಲಷ್ಟೇ ಗೊತ್ತಾಗುವುದು.

ಆದ್ಯತೆಗೆ ಅಳತೆಗೋಲು ಯಾವುದು? ಸಾಮಾನ್ಯವಾಗಿ ಕೇಳಿಬರುವ ಉತ್ತರ, ವರದಾನಕ್ಕೆ ತಕ್ಕಂತೆ ಸೇವೆ ಎಂಬುದು. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 12ನೇ ಅಧ್ಯಾಯದಲ್ಲಿ ಪೌಲನು ಸಭೆಯನ್ನು ಅನೇಕ ಅಂಗಗಳ ದೇಹಕ್ಕೆ ಹೋಲಿಸಿದ್ದು ಇದಕ್ಕೆ ಆಧಾರ. ಹಾಡಬಲ್ಲವರು ಹಾಡಲಿ, ಕಲಿಸಬಲ್ಲವರು ಕಲಿಸಲಿ. ಇದರಲ್ಲಿ ಸುಳ್ಳಿಲ್ಲ, ಆದರೆ ಇದಿಷ್ಟೇ ಸಾಲದು. ವರದಾನವನ್ನು ಮಾತ್ರ ನೋಡಿ ವರ್ಷ ಯೋಜಿಸುವ ಸಭೆಯಲ್ಲಿ ಗಾಯನ ಮಂಡಳಿ ಚೆನ್ನಾಗಿ ಬೆಳೆಯುತ್ತದೆ, ಹಾಸಿಗೆ ಹಿಡಿದವರ ಮನೆಗೆ ಹೋಗುವವರು ಸಿಗುವುದಿಲ್ಲ. ಅದೇ ಅಧ್ಯಾಯದಲ್ಲಿ ಪೌಲನು ಬಲಹೀನವಾಗಿ ಕಾಣುವ ಅಂಗಗಳೇ ಹೆಚ್ಚು ಅವಶ್ಯವೆಂದೂ ಹೇಳಿದ್ದಾನೆ. ಆ ಭಾಗ ಮೀಟಿಂಗುಗಳಲ್ಲಿ ಕಡಿಮೆ ಕೇಳಿಬರುತ್ತದೆ.

ಇದಕ್ಕಿಂತ ಗಟ್ಟಿಯಾದ ಅಳತೆಗೋಲು ಇನ್ನೊಂದಿದೆ: ಸಭೆ ಈ ಕೆಲಸವನ್ನು ಬಿಟ್ಟರೆ ಬೇರೆ ಯಾರಾದರೂ ಅದನ್ನು ಮಾಡುತ್ತಾರೆಯೇ? ವೆಸ್ಲಿಯನ್ ಮಿಷನ್ 1906ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಹೆಂಗಸರು ಮತ್ತು ಮಕ್ಕಳಿಗಾಗಿ ತೆರೆದ ಕಾಲದಲ್ಲಿ ಗಂಡು ವೈದ್ಯರ ಮುಂದೆ ಬರಲು ಹಿಂಜರಿಯುವ ಹೆಂಗಸರೇ ಹೆಚ್ಚು. ಅಲ್ಲಿ ನಿಜವಾದ ಕೊರತೆಯೊಂದಿತ್ತು. ಸುತ್ತೂರು ಮಠದ್ದೂ ಅಂಥದೇ ದಾರಿ. ನಂಜನಗೂಡು ತಾಲ್ಲೂಕಿನ ಕಪಿಲಾ (ಕಬಿನಿ) ತೀರದ ಆ ಮಠ ದಾಸೋಹವನ್ನು ಪಂಕ್ತಿಗಷ್ಟೇ ನಿಲ್ಲಿಸದೆ, ಓದಲು ಬಂದ ಹಳ್ಳಿಯ ಹುಡುಗರ ಊಟ ವಸತಿಗೆ ಹರಿಸಿತು. 1954ರಲ್ಲಿ ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಜೆಎಸ್ಎಸ್ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. ಈಗ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಯಿದೆ, ಬಿಸಿಯೂಟವಿದೆ. ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ದಾಸೋಹ ನಡೆಯುತ್ತದೆ. ಹತ್ತು ಕುಟುಂಬ ಸೇರಿ ವರ್ಷಕ್ಕೊಮ್ಮೆ ನಡೆಸುವ ಅನ್ನದಾನಕ್ಕೆ ಪುಣ್ಯವಿರಬಹುದು, ಆದ್ಯತೆಯಿಲ್ಲ.

ಹಾಗಾದರೆ ಯಾರೂ ಮಾಡದೆ ಉಳಿದ ಕೆಲಸ ಯಾವುದು? ತಿ. ನರಸೀಪುರದ ಕಡೆಯ ಹಳ್ಳಿಯ ವಯಸ್ಸಾದ ಹೆಂಗಸೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಮಕ್ಕಳು ಬೆಂಗಳೂರಿನಲ್ಲಿ. ಕಣ್ಣಿಗೆ ಪೊರೆ, ಸಕ್ಕರೆ ಕಾಯಿಲೆ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಚಿಕಿತ್ಸೆಯಿದೆ, ಊರಿನಿಂದ ಬಸ್ಸಿದೆ, ಸಂಧ್ಯಾ ಸುರಕ್ಷಾ ಪಿಂಚಣಿಯೂ ಇದೆ. ಇಲ್ಲದ್ದು ಒಂದೇ: ಬೆಳಗ್ಗೆ ಬಸ್ಸು ಹತ್ತಿಸಿ, ಚೀಟಿ ಮಾಡಿಸುವ ಸಾಲಿನಲ್ಲಿ ನಿಂತು, ಯಾವ ಕೊಠಡಿ ಎಂದು ಕೇಳಿಕೊಂಡು, ಡಾಕ್ಟರು ಹೇಳಿದ್ದನ್ನು ನೆನಪಿಟ್ಟು, ಮಾತ್ರೆಯ ಪಟ್ಟಿಯ ಮೇಲೆ ಬೆಳಗ್ಗೆ ರಾತ್ರಿ ಎಂದು ಗುರುತು ಹಾಕಿ ಸಂಜೆಗೆ ಮನೆ ಮುಟ್ಟಿಸುವ ಒಬ್ಬ ಜೊತೆಗಾರರು. ಒಂದಿಡೀ ದಿನದ ಕೆಲಸ. ಈ ಸೇವೆಗೆ ಹೆಸರಿಲ್ಲ, ಬ್ಯಾನರಿಲ್ಲ, ವಾರ್ಷಿಕೋತ್ಸವವಿಲ್ಲ. ಹೆಸರಿಲ್ಲದ್ದರಿಂದಲೇ ಅದು ವರ್ಷದ ಪಟ್ಟಿಗೆ ಬರುವುದಿಲ್ಲ. ಸಮಿತಿ ಹೆಸರಿರುವ ವಿಭಾಗಗಳನ್ನಷ್ಟೇ ಹಿಂದೆ ಮುಂದೆ ಮಾಡಬಲ್ಲದು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜನಾಮ್ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾಲ್ ಸಂಘ ಬಡವರ ಮನೆಗೆ ಖುದ್ದಾಗಿ ಹೋಗಿ ನೋಡುವುದನ್ನೇ ತನ್ನ ಮುಖ್ಯ ಕೆಲಸವಾಗಿಸಿಕೊಂಡದ್ದು ಈ ಕಾರಣಕ್ಕೆ ಉಲ್ಲೇಖಾರ್ಹ. ಕೊರತೆ ಏನೆಂಬುದು ಹೊಸ್ತಿಲು ದಾಟಿದ ಮೇಲೆ ಕಾಣುತ್ತದೆ. ಸ್ತ್ರೀಯರ ಸಂಘಕ್ಕೆ ಇದು ಸಮಿತಿಗಿಂತ ಮೊದಲೇ ಗೊತ್ತಿರುತ್ತದೆ, ಕೇಳುವವರು ಬೇಕಷ್ಟೆ.

ಮುಂದೂಡಬಹುದಾದದ್ದು, ಮುಂದೂಡಲಾಗದ್ದು ಎಂಬ ಭೇದವೂ ಮುಖ್ಯ. ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆದುಬಂದಿದೆ. ಕೋವಿಡ್ ಕಾರಣಕ್ಕೆ 2022ರಲ್ಲಿ ನಡೆಯಲಿಲ್ಲ. 2025ರ ಫೆಬ್ರವರಿಯಲ್ಲಿ ಮತ್ತೆ ಸೇರಿತು. ಎಷ್ಟು ದೊಡ್ಡದಾದರೂ ಉತ್ಸವ ಕಾಯಬಲ್ಲದು. ಚರ್ಚಿನ ಸುಣ್ಣಬಣ್ಣ, ಹೊಸ ಧ್ವನಿವರ್ಧಕ, ಬೆಳ್ಳಿಹಬ್ಬದ ಸ್ಮರಣಸಂಚಿಕೆ ಇವೂ ಕಾಯುತ್ತವೆ. ಜೂನಿನಲ್ಲಿ ಶಾಲೆಗೆ ಸೇರಬೇಕಾದ ಮಗು, ತಿಂಗಳ ಮಾತ್ರೆ ಮುಗಿದ ರೋಗಿ ಕಾಯುವುದಿಲ್ಲ.

ಪಟ್ಟಿ ತುಂಬಿ ತುಳುಕುವಂತೆಯೂ ಇರಬಾರದು, ಎಣಿಸದೆ ಬರುವ ಕೆಲಸಕ್ಕೆ ಜಾಗ ಉಳಿಯಬೇಕು. ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿ ಮಳೆ ಜೋರಾಗಿ ಬೀಚನಹಳ್ಳಿಯ ಜಲಾಶಯದಿಂದ ನೀರು ಬಿಟ್ಟರೆ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುತ್ತದೆ. 2018 ಮತ್ತು 2019ರ ಆಗಸ್ಟಿನಲ್ಲಿ ತಗ್ಗಿನ ಬೀದಿಗಳಿಗೆ ನೀರು ನುಗ್ಗಿ, ಮೈಸೂರು ರಸ್ತೆಯಲ್ಲೇ ಸಂಚಾರ ನಿಂತಿತ್ತು. ಇಂಥ ಹೊತ್ತಿನಲ್ಲಿ ಗಂಜಿ ಕೇಂದ್ರವನ್ನು ಸರ್ಕಾರ ತೆರೆಯುತ್ತದೆ. ನೀರು ಇಳಿದ ಮೇಲೆ ಮನೆಯೊಳಗಿನ ಕೆಸರು ಎತ್ತಿಹಾಕುವುದು, ನೆನೆದ ರೇಷನ್ ಕಾರ್ಡು ಮಾರ್ಕ್ಸ್ ಕಾರ್ಡುಗಳನ್ನು ಬಿಡಿಸಿ ಒಣಗಿಸುವುದು ನೆರೆಹೊರೆಯ ಪಾಲಿಗೆ ಉಳಿಯುತ್ತದೆ. ಆಗಸ್ಟಿನ ಪ್ರತಿ ಭಾನುವಾರಕ್ಕೂ ಕಾರ್ಯಕ್ರಮ ಗೊತ್ತುಮಾಡಿಕೊಂಡ ಸಭೆಗೆ ಇದಕ್ಕೆ ಬಿಡುವಿರುವುದಿಲ್ಲ. 2020ರ ಮಾರ್ಚಿನಲ್ಲಂತೂ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೋವಿಡ್ ಕಾಣಿಸಿಕೊಂಡಾಗ ಊರಿಗೆ ಊರೇ ಬಾಗಿಲು ಹಾಕಿತು. ಯಾರ ವರ್ಷದ ಯೋಜನೆಯೂ ಉಳಿಯಲಿಲ್ಲ. ಮಳೆಗಾಲದ ಎರಡು ತಿಂಗಳನ್ನಾದರೂ ಅರ್ಧ ಖಾಲಿ ಬಿಡುವುದು ಸೋಮಾರಿತನವಲ್ಲ.

ಎಲ್ಲಕ್ಕಿಂತ ಕಷ್ಟದ್ದು ನಿಲ್ಲಿಸುವ ಕೆಲಸ. ಇಪ್ಪತ್ತು ವರ್ಷ ಒಂದು ವಿಭಾಗವನ್ನು ಹೊತ್ತವರಿಗೆ ಅದನ್ನು ಕೈಬಿಡೋಣವೆಂದರೆ ತಮ್ಮನ್ನೇ ಕೈಬಿಟ್ಟಂತೆ ಅನಿಸುವುದು ಸಹಜ. ಇದಕ್ಕೆ ನುಣುಪಾದ ಉಪಾಯವಿಲ್ಲ. ಆದರೂ ಪ್ರತಿ ಸೇವೆಯನ್ನೂ ಒಂದೇ ವರ್ಷಕ್ಕೆಂದು ಒಪ್ಪಿಸಿ, ಮುಗಿದಾಗ ಎಲ್ಲರೆದುರು ವಂದಿಸಿ, ಮುಂದಿನ ವರ್ಷಕ್ಕೆ ಹೊಸದಾಗಿ ಕೇಳುವ ಪದ್ಧತಿಯಿದ್ದರೆ ನಿಲ್ಲಿಸುವುದು ಅವಮಾನವಾಗುವುದಿಲ್ಲ. ಯೆರೂಸಲೇಮಿನ ಏಳು ಜನರ ಏರ್ಪಾಡೂ ಹೆಚ್ಚು ಕಾಲ ಉಳಿದಂತೆ ಕಾಣುವುದಿಲ್ಲ. ಮುಂದಿನ ಅಧ್ಯಾಯದಲ್ಲೇ ಅವರಲ್ಲಿ ಮೊದಲನೆಯವನಾದ ಸ್ತೆಫನನನ್ನು ಕಲ್ಲೆಸೆದು ಕೊಂದರು. ಸಭೆ ಚದುರಿತು. ಎರಡನೆಯವನಾದ ಫಿಲಿಪ್ಪನು ಸಮಾರ್ಯಕ್ಕೆ ಹೋಗಿ ಬೋಧಿಸತೊಡಗಿದ. ಆ ವಿಧವೆಯರ ಪಂಕ್ತಿಗೆ ಆಮೇಲೆ ಬಡಿಸಿದವರು ಯಾರೆಂದು ಪುಸ್ತಕ ಮತ್ತೆ ಹೇಳುವುದಿಲ್ಲ.