ಕುಂಚದ ಪರಿಮಾಣ

ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಬರೆಯುವ ಕ್ರಿಟಾ ಎಂಬ ತಂತ್ರಾಂಶದಲ್ಲಿ ಕುಂಚವೆಂಬುದಕ್ಕೆ ಕೂದಲೂ ಇಲ್ಲ, ಹಿಡಿಯೂ ಇಲ್ಲ. ವ್ಯಾಸವಿಷ್ಟು, ಉದ್ದಗಲಗಳ ಅನುಪಾತವಿಷ್ಟು, ಓರೆಯಿಷ್ಟು, ಅಂಚಿನ ಮೆದುವಿಷ್ಟು ಎಂಬ ಕೆಲವು ಸಂಖ್ಯೆಗಳೇ ಅಲ್ಲಿ ಕುಂಚ. ಚೌಕ ಆವರಣದ ಚಿಹ್ನೆಯುಳ್ಳ ಎರಡು ಕೀಲಿಗಳಲ್ಲಿ ಒಂದನ್ನೊತ್ತಿದರೆ ಅದು ಕುಗ್ಗುವುದು, ಇನ್ನೊಂದನ್ನೊತ್ತಿದರೆ ಹಿಗ್ಗುವುದು. ಅನುಪಾತವನ್ನು ತಗ್ಗಿಸಿದರೆ ದುಂಡಗಿನ ಮೊನೆಯು ಮಾವಿನೆಲೆಯಂತೆ ನೀಳವಾಗುವುದು.

ಒಂದು ಸಂಜೆ ನಾನು ಗೋಡೆಯ ಗೂಡಿನಲ್ಲಿಟ್ಟ ಹಣತೆಯೊಂದನ್ನು ಬರೆಯುತ್ತಿದ್ದೆನು. ಬತ್ತಿಗೆ 3 ಪಿಕ್ಸೆಲಿನ ಮೊನೆ ಸಾಕಾಯಿತು. ಅದರ ಸುತ್ತಲಿನ ಪ್ರಭೆಗಾದರೋ ಅಂಚು ಕರಗಿದ 600 ಪಿಕ್ಸೆಲಿನ ಮೊನೆಯೇ ಬೇಕಾಯಿತು. ಎರಡನ್ನೂ ಬರೆದುದು ಒಂದೇ ಕುಂಚವೆಂದು ಹೇಳಲೆ, ಎರಡು ಕುಂಚಗಳೆಂದು ಹೇಳಲೆ? ಹೀಗೆ ಯೋಚಿಸುತ್ತಿರಲಾಗಿ, ಜೀವಾತ್ಮನ ಗಾತ್ರವೆಷ್ಟೆಂಬ ನಮ್ಮ ದರ್ಶನಕಾರರ ಪುರಾತನ ವಿವಾದವು ನೆನಪಿಗೆ ಬಂದಿತು.

ಜೀವವು ತಾನು ಹೊಕ್ಕ ದೇಹದಷ್ಟೇ ಪರಿಮಾಣವುಳ್ಳದ್ದೆಂಬುದು ಜೈನರ ಮತ. ಇರುವೆಯಲ್ಲಿ ಇರುವೆಯಷ್ಟಾಗಿಯೂ ಆನೆಯಲ್ಲಿ ಆನೆಯಷ್ಟಾಗಿಯೂ ಇರಬಲ್ಲ ಈ ಸಂಕೋಚವಿಕಾಸಗಳಿಗೆ ತತ್ತ್ವಾರ್ಥಸೂತ್ರವು ಕೊಡುವ ದೃಷ್ಟಾಂತವು ದೀಪವೇ: ಗಡಿಗೆಯೊಳಗಿಟ್ಟರೆ ಗಡಿಗೆಯನ್ನೂ ಕೋಣೆಯಲ್ಲಿಟ್ಟರೆ ಕೋಣೆಯನ್ನೂ ಅದು ತುಂಬುವುದಷ್ಟೆ. ಕುಗ್ಗುವುದೂ ಹಿಗ್ಗುವುದೂ ವಿಕಾರ, ವಿಕಾರವುಳ್ಳದ್ದು ಅನಿತ್ಯ, ಆದುದರಿಂದ ಇದು ಸಲ್ಲದೆಂದು ಶಂಕರರು ಆಕ್ಷೇಪಿಸಿದರು. ಅವರಿಗೆ ಆತ್ಮನು ವಿಭು, ಎಂದರೆ ಸರ್ವವ್ಯಾಪಿ. ಕಠೋಪನಿಷತ್ತು ಪುರುಷನನ್ನು ಹೆಬ್ಬೆರಳ ಗಾತ್ರದವನೆಂದು ಕರೆದಿರುವುದಲ್ಲವೆ ಎಂದರೆ, ಆ ಅಳತೆ ಮನುಷ್ಯನ ಹೃದಯಸ್ಥಾನವನ್ನು ಅಪೇಕ್ಷಿಸಿ ಹೇಳಿದುದು, ಆತ್ಮನದಲ್ಲ ಎಂಬುದು ಅವರ ಸಮಾಧಾನ. ರಾಮಾನುಜರು ಜೀವನನ್ನು ಅಣುವೆಂದರು; ಆದರೆ ಒಂದೆಡೆಯಿರುವ ದೀಪದ ಪ್ರಭೆಯು ಸುತ್ತಲೂ ಹರಡುವಂತೆ ಅವನ ಜ್ಞಾನವು ಹರಡುವುದೆಂದರು. ಜೈನರು ಹಚ್ಚಿದ ದೀಪವನ್ನೇ ವೈಷ್ಣವಾಚಾರ್ಯರು ಬೇರೊಂದು ಗೂಡಿನಲ್ಲಿಟ್ಟರು! ನನ್ನ ಪರದೆಯ ಮೇಲೂ ಬತ್ತಿ ಅಣುವಾಗಿತ್ತು, ಬೆಳಕು ವಿಸ್ತಾರವಾಗಿತ್ತು.

ವಿನೋದಕ್ಕೆಂಬಂತೆ ನಾನು ಕುಂಚವನ್ನು ಹಾಳೆಗಿಂತಲೂ ದೊಡ್ಡದು ಮಾಡಿ, ಅಂಚಿನ ಮೆದುವನ್ನೂ ತೆಗೆದು, ಒಮ್ಮೆ ಒತ್ತಿದೆನು. ಗೂಡು, ಹಣತೆ, ಗೋಡೆ, ಕತ್ತಲೆ ಎಲ್ಲವೂ ಒಂದೇ ಹಳದಿಯಲ್ಲಿ ಅಡಗಿಹೋದವು. ಕುಂಚವು ಸರ್ವವ್ಯಾಪಿಯಾಯಿತು, ಚಿತ್ರವು ಇಲ್ಲವಾಯಿತು. ಅದನ್ನು ರದ್ದುಮಾಡಿ, 1 ಪಿಕ್ಸೆಲಿಗೆ ಇಳಿಸಿ, ಗೋಡೆಯ ಬಣ್ಣವನ್ನು ತುಂಬಹೊರಟರೆ, ಕಾಲು ಗಂಟೆ ಕಳೆದರೂ ಹೆಬ್ಬೆರಳಗಲದ ಜಾಗವೂ ತುಂಬಲಿಲ್ಲ. ಆಗ ನನಗೆ ತೋರಿದ್ದಿಷ್ಟು: ಮಿತಿಯನ್ನು ನಾವು ಬಂಧನವೆಂದೇ ಎಣಿಸಿ ಹಳಿಯುತ್ತೇವೆ, ಆದರೆ ರೂಪವೆಂಬುದು ಹುಟ್ಟುವುದು ಯಾವುದಾದರೊಂದು ಮಿತಿಯನ್ನು ಒಪ್ಪಿಕೊಂಡ ಮೇಲೆಯೇ. ಮಾಯೆಯೆಂಬ ಶಬ್ದವನ್ನು ಅಳೆಯುವುದೆಂಬ ಅರ್ಥದ ಧಾತುವಿನಿಂದ ಬಿಡಿಸುವ ವಿದ್ವಾಂಸರುಂಟು. ಅಪರಿಮಿತವಾದುದನ್ನು ಅಳತೆಗೆ ತರುವುದೇ ಮಾಯೆಯಾದರೆ, ಅದು ಬರಿಯ ಮೋಸವಲ್ಲ. ಹಣತೆಯನ್ನು ಹಣತೆಯಾಗಿಯೂ ಗೋಡೆಯನ್ನು ಗೋಡೆಯಾಗಿಯೂ ಕಾಣಿಸುವ ಉಪಕಾರವೂ ಅದರಲ್ಲಿದೆ.

ದೃಷ್ಟಾಂತವು ಸಿದ್ಧಾಂತವಾಗಲಾರದೆಂಬುದನ್ನು ನಾನು ಬಲ್ಲೆನು. ನನ್ನ ಕುಂಚದ ಅಳತೆಯನ್ನು ನಾನು ಬೇಕೆಂದಾಗ ಬದಲಿಸಬಲ್ಲೆ. ನನ್ನ ಆಯುಸ್ಸು, ಬಲ, ಬುದ್ಧಿಗಳ ಅಳತೆಯನ್ನು ಬದಲಿಸುವ ಕೀಲಿ ನನ್ನ ಕೈಗೆ ಎಟುಕುವುದಲ್ಲ. ದೇಹದ ಆಕಾರವನ್ನು ಗೊತ್ತುಮಾಡುವುದು ನಾಮಕರ್ಮವೆಂದು ಜೈನರೂ, ಕರ್ಮಾನುಸಾರವಾಗಿ ಫಲವೀಯುವವನು ಈಶ್ವರನೆಂದು ವೇದಾಂತಿಗಳೂ ಹೇಳುತ್ತಾರೆ. ಯಾರೇ ಗೊತ್ತುಮಾಡಿರಲಿ, ಈ ಮೊನೆ ನನ್ನ ಪಾಲಿಗೆ ಬಂದಿದೆ. ಇದರಿಂದ ಪ್ರಭಾಮಂಡಲವನ್ನು ಬರೆಯಲಾಗದಿದ್ದರೆ ಬತ್ತಿಯನ್ನಾದರೂ ಬರೆಯಬಹುದು. ಅಂದಿನ ಚಿತ್ರದಲ್ಲಿ ನಾನು ಕೊನೆಗೆ ತಿದ್ದಿದುದು ಬತ್ತಿಯನ್ನೇ. 3 ಪಿಕ್ಸೆಲಿನ ಅದು ಒಂದಿಷ್ಟು ಸೊಟ್ಟಗಿದ್ದುದರಿಂದ ಅಷ್ಟು ದೊಡ್ಡ ಬೆಳಕೆಲ್ಲ ಎಲ್ಲಿಂದ ಬಂದಿತೆಂಬುದೇ ತಿಳಿಯುತ್ತಿರಲಿಲ್ಲ.