ದುಡಿಯಲು ಮನಸ್ಸಿಲ್ಲದವನೋ, ಮನಸ್ಸು ಸೋತವನೋ?



ಮದುವೆಯ ಊಟಕ್ಕೆ ಕುಳಿತಾಗ ಪಕ್ಕದವರನ್ನು ನಾವು ಮೊದಲು ಕೇಳುವುದು ಯಾವ ಊರು ಎಂದು. ಆಮೇಲೆ ಏನು ಕೆಲಸ ಮಾಡಿಕೊಂಡಿದ್ದೀರಿ ಎಂದು. ಕೇಳುವವರಿಗೆ ಅದು ಬರೀ ಲೋಕಾಭಿರಾಮದ ಮಾತು. ಮನಸ್ಸಿನ ಕಾಯಿಲೆಯಿಂದ ಕೆಲಸ ಬಿಟ್ಟು ಮನೆಯಲ್ಲಿ ಕುಳಿತವನಿಗೆ ಅದು ಮುಳ್ಳು. ಆ ಪ್ರಶ್ನೆಗೆ ಹೆದರಿ ಅವನು ಮೊದಲು ಮದುವೆಗಳಿಗೆ ಹೋಗುವುದನ್ನು ಬಿಡುತ್ತಾನೆ, ಆಮೇಲೆ ನೆಂಟರ ಮನೆಗಳಿಗೆ, ಕಡೆಗೆ ಭಾನುವಾರದ ಪೂಜೆಗೂ. ನಿಮ್ಮ ಬೀದಿಯಲ್ಲಿ ಅಂಥವನೊಬ್ಬ ಇಲ್ಲವೇ? ನಿಮ್ಮ ಮನೆಯಲ್ಲೇ ಇರಬಹುದು.

ಅವನ ಬಗ್ಗೆ ನಾವು ಆಡುವ ಮಾತು ಒಂದೇ: "ದುಡಿಯಲು ಮನಸ್ಸಿಲ್ಲ." ಕಾಲು ಮುರಿದವನನ್ನು ಕಂಡು ನಡೆಯಲಾರ ಎನ್ನುತ್ತೇವೆ; ಅದರಲ್ಲಿ ಮರುಕವಿದೆ. ಮನಸ್ಸಿಲ್ಲ ಎನ್ನುವಾಗ ಮಾತ್ರ ತೀರ್ಪು ಕೊಟ್ಟುಬಿಟ್ಟಿರುತ್ತೇವೆ. ಮನಸ್ಸಿದ್ದರೆ ಮಾರ್ಗ ಎಂಬ ಗಾದೆ ಸುಳ್ಳಲ್ಲ. ಆದರೆ ಕಾಯಿಲೆ ಬಿದ್ದಿರುವುದು ಆ ಮನಸ್ಸೇ ಆದರೆ?

ಖಿನ್ನತೆ ಎಂದರೆ ಬರೀ ಬೇಸರವಲ್ಲ. ನಿದ್ದೆ ಕೆಡುತ್ತದೆ, ಹಸಿವು ಸಾಯುತ್ತದೆ, ಓದಿದ ಸಾಲನ್ನೇ ನಾಲ್ಕು ಸಲ ಓದಿದರೂ ತಲೆಗೆ ಹೋಗುವುದಿಲ್ಲ, ಸಣ್ಣ ತೀರ್ಮಾನವೂ ಬೆಟ್ಟವಾಗುತ್ತದೆ. ಸ್ಕಿಜೋಫ್ರೇನಿಯಾ ಹೆಚ್ಚಾಗಿ ತಲೆದೋರುವುದು ಹದಿಹರೆಯದ ಕೊನೆಯಲ್ಲಿ, ಇಲ್ಲವೇ ಇಪ್ಪತ್ತರ ಹರೆಯದಲ್ಲಿ. ಅಂದರೆ ಓದು ಮುಗಿಸಿ ಕೆಲಸಕ್ಕೆ ಸೇರುವ ಹೊತ್ತಿಗೆ ಸರಿಯಾಗಿ. ಗುಣವಾಗಿ ಸಂದರ್ಶನಕ್ಕೆ ಹೋದರೆ, ನಡುವಿನ ಎರಡು ವರ್ಷ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆ ಕಾದಿರುತ್ತದೆ. ನಿಜ ಹೇಳಿದರೆ ಕೆಲಸ ಸಿಗದು, ಸುಳ್ಳು ಹೇಳಿದರೆ ನೆಮ್ಮದಿ ಸಿಗದು.

ಇನ್ನು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ತಾಯಿಯೊಬ್ಬಳನ್ನು ನೆನೆಯಿರಿ. ಮಾತ್ರೆ ನುಂಗಿದರೆ ಬೆಳಿಗ್ಗೆ ಮಂಪರು, ಬಸ್ಸು ತಪ್ಪುತ್ತದೆ. ಬಸ್ಸು ತಪ್ಪಿದರೆ ಸಂಬಳಕ್ಕೆ ಕತ್ತರಿ. ಆದ್ದರಿಂದ ಯಾರಿಗೂ ಹೇಳದೆ ಮಾತ್ರೆಯನ್ನೇ ಬಿಡುತ್ತಾಳೆ. ಕಾಯಿಲೆ ಮರಳುತ್ತದೆ, ಆಗ ಕೆಲಸವೂ ಹೋಗುತ್ತದೆ. ಅವಳನ್ನು ನೋಡಿಕೊಳ್ಳಲು ಮಗಳು ತನ್ನ ಕೆಲಸ ಬಿಡುತ್ತಾಳೆ. ಇದರಲ್ಲಿ ಸೋಮಾರಿತನ ಎಲ್ಲಿದೆ?

ಇಂಥವರು ಎಲ್ಲೋ ಒಬ್ಬಿಬ್ಬರಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಜನರಿಗೆ ಒಂದಲ್ಲ ಒಂದು ಬಗೆಯ ಮಾನಸಿಕ ತೊಂದರೆ ಕಂಡುಬಂದಿತು. ಅವರಲ್ಲಿ ಹೆಚ್ಚಿನವರು ಯಾವ ಚಿಕಿತ್ಸೆಯನ್ನೂ ಪಡೆಯುತ್ತಿರಲಿಲ್ಲ.

ದುಡಿಯದವನು ಉಣ್ಣಬಾರದು ಎಂದು ಸಂತ ಪೌಲರೇ ಹೇಳಿಲ್ಲವೇ ಎಂದು ನೀವು ಕೇಳಬಹುದು. ಅವರು ಥೆಸಲೋನಿಕದವರಿಗೆ ಬರೆದ ಮಾತನ್ನು ಸರಿಯಾಗಿ ಓದಿ: ಅದು ದುಡಿಯಲು ಒಲ್ಲದವನನ್ನು ಕುರಿತದ್ದು, ದುಡಿಯಲಾರದವನನ್ನು ಕುರಿತದ್ದಲ್ಲ. ಒಲ್ಲೆ ಎನ್ನಲು ಸ್ವಾತಂತ್ರ್ಯ ಬೇಕು. ಸ್ವಾತಂತ್ರ್ಯವಿಲ್ಲದ ಕಡೆ ಪಾಪವಿಲ್ಲ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಸೋಮಾರಿತನವನ್ನು ದುರ್ಗುಣವೆಂದು ಖಂಡಿಸಿದವರೇ. ಆದರೆ ಅವರೇ, ಅತಿಯಾದ ದುಃಖ ಆತ್ಮವನ್ನು ಕುಗ್ಗಿಸಿ ಕೈಕಾಲುಗಳನ್ನೂ ಕಟ್ಟಿಹಾಕಬಲ್ಲದೆಂದು ಬರೆದರು. ದುಃಖಕ್ಕೆ ಅವರು ಸೂಚಿಸಿದ ಮದ್ದುಗಳಲ್ಲಿ ಕಣ್ಣೀರು, ಗೆಳೆಯರ ಅನುಕಂಪ, ನಿದ್ದೆ, ಸ್ನಾನ ಇವೂ ಸೇರಿವೆ. ಬೈಗುಳ ಮಾತ್ರ ಆ ಪಟ್ಟಿಯಲ್ಲಿಲ್ಲ!

ಇದಕ್ಕೆ ವಿರುದ್ಧವಾದ ತಪ್ಪೂ ಒಂದಿದೆ. "ಪಾಪ, ಅವನಿಗೆ ಯಾವ ಕೆಲಸವನ್ನೂ ಹೇಳಬೇಡಿ" ಎಂದು ಮೂಲೆಯಲ್ಲಿ ಕೂರಿಸುವುದು. ಇದು ಪ್ರೀತಿಯಂತೆ ಕಾಣುತ್ತದೆ. ಆದರೆ ನಿನ್ನಿಂದ ಏನೂ ಆಗದು ಎಂದು ದಿನವೂ ಹೇಳಿದಂತೆಯೇ. ಜಗದ್ಗುರು ಎರಡನೆಯ ಜಾನ್ ಪೌಲರು ದುಡಿಮೆಯನ್ನು ಕುರಿತ 1981ರ ವಿಶ್ವಪತ್ರದಲ್ಲಿ ಎರಡು ತಪ್ಪುಗಳಿಗೂ ಉತ್ತರ ಕೊಟ್ಟಿದ್ದಾರೆ. ಮನುಷ್ಯನಿಗಾಗಿ ದುಡಿಮೆಯೇ ಹೊರತು ದುಡಿಮೆಗಾಗಿ ಮನುಷ್ಯನಲ್ಲ. ಮತ್ತು ಪೂರ್ಣ ಶಕ್ತರಿಗೆ ಮಾತ್ರ ಕೆಲಸದಲ್ಲಿ ಪಾಲು ಕೊಡುವ ಸಮಾಜ ಮನುಷ್ಯರಿಗೆ ತಕ್ಕದ್ದಲ್ಲ.

ಇದು ಆಗುವ ಮಾತೇ? ಬೆಲ್ಜಿಯಂನ ಗೇಲ್ ಎಂಬ ಪಟ್ಟಣದಲ್ಲಿ ಆಗಿದೆ. ಸಂತ ಡಿಂಪ್ನಾಳ ಕ್ಷೇತ್ರಕ್ಕೆ ಹರಕೆ ಹೊತ್ತು ಬಂದ ಮನೋರೋಗಿಗಳನ್ನು ಅಲ್ಲಿನ ಕುಟುಂಬಗಳು ಮಧ್ಯಯುಗದಿಂದಲೂ ಮನೆಗೆ ಸೇರಿಸಿಕೊಳ್ಳುತ್ತ ಬಂದಿವೆ. 1930ರ ದಶಕದ ಕೊನೆಯಲ್ಲಿ ಹೀಗೆ ಮೂರೂವರೆ ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿದ್ದರು. ಮನೆಯವರ ಜೊತೆ ಊಟ, ಹೊಲದಲ್ಲೋ ಅಡುಗೆಮನೆಯಲ್ಲೋ ಕೈಲಾದಷ್ಟು ಕೆಲಸ. ಅವರೆಲ್ಲರೂ ಗುಣವಾಗಲಿಲ್ಲ; ಆದರೆ ಬೇಡದವರಾಗಲಿಲ್ಲ.

ನಮ್ಮ ದೇಶದ ಕಾನೂನೂ ಇತ್ತ ಒಂದು ಹೆಜ್ಜೆ ಇಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಸರ್ಕಾರಿ ನೌಕರಿಯಲ್ಲಿದ್ದಾಗ ಅಂಗವಿಕಲತೆ ಬಂತೆಂದು ಯಾರನ್ನೂ ತೆಗೆದುಹಾಕುವಂತಿಲ್ಲ. ಇದ್ದ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಆದರೆ ಗಾರ್ಮೆಂಟ್ಸ್‌ನ ಆ ತಾಯಿಗೆ, ಗಾರೆ ಕೆಲಸದವನಿಗೆ, ಅಂಗಡಿಯ ಹುಡುಗನಿಗೆ ಇಂಥ ಆಸರೆ ಎಲ್ಲಿದೆ? ಅವರ ಮಟ್ಟಿಗೆ ಧಣಿಯ ಮನಸ್ಸಾಕ್ಷಿಯೇ ಕಾನೂನು.

ನಿಮ್ಮಲ್ಲಿ ಅಂಗಡಿ ಇಟ್ಟವರಿದ್ದೀರಿ, ತೋಟ ಉಳ್ಳವರಿದ್ದೀರಿ, ಕಚೇರಿಗಳಲ್ಲಿ ಮೇಲಧಿಕಾರಿಗಳಾಗಿದ್ದೀರಿ. ಎಂಟು ಗಂಟೆ ದುಡಿಯಲಾರದವನಿಗೆ ಮೂರು ಗಂಟೆಯ ಕೆಲಸ ಕೊಡಲು ಆಗದೇ? ಮಾತ್ರೆಯ ಮಂಪರು ಇಳಿಯುವವರೆಗೆ ಒಂದು ಗಂಟೆ ತಡವಾಗಿ ಬಾ ಎನ್ನಲು ಆಗದೇ? ಮನೆಯವರೇ, ಪ್ರಾರ್ಥನೆ ಮಾಡಿರಿ, ಆದರೆ ಅದರ ಹೆಸರಿನಲ್ಲಿ ವೈದ್ಯರನ್ನು ದೂರವಿಡಬೇಡಿ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿರಿ. ಅದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಇಷ್ಟೆಲ್ಲ ಮಾಡಿದರೂ ಕೆಲವರು ಮತ್ತೆಂದೂ ದುಡಿಯಲಾರರು. ಅವರ ತಟ್ಟೆಗೆ ಅನ್ನ ಬಡಿಸುವಾಗ ಲೆಕ್ಕ ಹಾಕಬೇಡಿ. ಮುಂದಿನ ಸಲ ಅಂಥವರು ಎದುರಾದಾಗ ಏನು ಕೆಲಸ ಎಂದು ಕೇಳುವ ಮೊದಲು, ಊಟ ಆಯಿತೇನಪ್ಪ, ರಾತ್ರಿ ನಿದ್ದೆ ಬಂತೇ ಎಂದು ಕೇಳಿ ನೋಡಿರಿ. ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಬಹುದು. ಕಾಯಿರಿ.