ಮೌನವೂ ಮೋಸವೇ?

ಮೂಡಿಗೆರೆಯ ಮುಖ್ಯರಸ್ತೆಯ ಬದಿಯಲ್ಲಿ ಅಣ್ಣತಮ್ಮಂದಿರಾದ ನಾವಿಬ್ಬರು ಹಳೆ ಕಾರುಗಳ ವ್ಯಾಪಾರ ಮಾಡುತ್ತೇವೆ. ದೊಡ್ಡ ವ್ಯಾಪಾರವೇನಲ್ಲ. ತಗಡಿನ ಮಾಡಿನ ಕೆಳಗೆ ಆರು ಗಾಡಿ ನಿಲ್ಲುವಷ್ಟು ಜಾಗ, ಒಂದು ಮೇಜು, ನಾಲ್ಕು ಕುರ್ಚಿ. ಕಾಫಿ ಕೊಯ್ಲು ಮುಗಿದು ತೋಟದವರ ಕೈಯಲ್ಲಿ ಹಣ ಓಡಾಡುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಗಿರಾಕಿಗಳು ಬರುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಮೂರು ತಿಂಗಳು ನೊಣ ಹೊಡೆಯುವುದೇ ಕೆಲಸ.

ಈ ವ್ಯಾಪಾರದಲ್ಲಿ ಅಂಥ ನೈತಿಕ ಪ್ರಶ್ನೆ ಏನಿದೆ ಎಂದು ಓದುಗರು ಕೇಳಬಹುದು. ಸುಳ್ಳು ಹೇಳಬಾರದು, ಅಷ್ಟೇ ತಾನೇ? ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು. ಮೀಟರನ್ನು ಹಿಂದಕ್ಕೆ ತಿರುಗಿಸಿದವರಲ್ಲ. ಮೂರನೇ ಮಾಲೀಕನ ಗಾಡಿಯನ್ನು ಮೊದಲ ಮಾಲೀಕನದ್ದೆಂದು ಹೇಳಿದವರಲ್ಲ. ಐದು ಹೊತ್ತಿನ ನಮಾಝಿಗೆ ಅಂಗಡಿಯಿಂದಲೇ ಎದ್ದು ಹೋಗಿ ಬರುತ್ತಿದ್ದೆವು. ನಮ್ಮ ಬಗ್ಗೆ ನಮಗೆ ಒಳ್ಳೆಯ ಅಭಿಪ್ರಾಯವೇ ಇತ್ತು.

2018ರ ಆಗಸ್ಟ್‌ನಲ್ಲಿ ಕೇರಳವನ್ನೂ ಕೊಡಗನ್ನೂ ನಡುಗಿಸಿದ ಮಳೆ ಬಂದದ್ದು ನೆನಪಿರಬಹುದು. ಅದಾದ ಕೆಲವು ತಿಂಗಳಿಗೆ ಕೊಡಗಿನ ಕಡೆಯಿಂದ ಬ್ರೋಕರೊಬ್ಬರ ಮೂಲಕ ನಮಗೊಂದು ಸಣ್ಣ ಪೆಟ್ರೋಲ್ ಕಾರು ಬಂತು. ಬೆಲೆ ಕಡಿಮೆ, ಬಣ್ಣ ಹೊಸದು, ಸೀಟಿಗೆ ಹೊಸ ಕವರು. ಕಾರ್ಪೆಟ್ ಎತ್ತಿ ನೋಡಿದಾಗ ಮೂಲೆಯಲ್ಲಿ ಒಣಗಿದ ನುಣ್ಣನೆಯ ಕೆಸರು ಕಂಡಿತು. ಸೀಟಿನ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಗಾಡಿ ನೀರಲ್ಲಿ ಮುಳುಗಿ ಎದ್ದದ್ದೆಂದು ಇಬ್ಬರಿಗೂ ತಿಳಿಯಿತು. ಆದರೆ ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ಕಾರ್ಪೆಟನ್ನು ಮತ್ತೆ ಹಾಸಿದೆವು.

ಅದನ್ನು ಕೊಂಡವರು ಕಳಸದ ಕಡೆಯ ತೋಟವೊಂದರ ರೈಟರು. ಅವರ ಜೀವನದ ಮೊದಲ ಕಾರು ಅದು. ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರು. ಗಾಡಿಯ ಸುತ್ತ ಎರಡು ಬಾರಿ ನಡೆದರು, ಬಾಗಿಲು ತೆಗೆದು ಹಾಕಿದರು, ಹಾರನ್ ಹೊಡೆದು ನೋಡಿದರು. “ಗಾಡಿ ಹೇಗಿದೆ?” ಎಂದು ಕೇಳಿದರು. “ನೀವೇ ಓಡಿಸಿ ನೋಡಿ” ಎಂದೆವು. ಈ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನೀರಿನ ವಿಷಯ ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

2019ರ ಜುಲೈಯ ಒಂದು ರಾತ್ರಿ ಉಸಿರಾಟದ ತೊಂದರೆಯಾದ ತಾಯಿಯನ್ನು ಅದೇ ಕಾರಿನಲ್ಲಿ ಕೂರಿಸಿಕೊಂಡು ಅವರು ಮೂಡಿಗೆರೆಯ ಕಡೆಗೆ ಹೊರಟಿದ್ದಾರೆ. ಕಳಸ–ಕೊಟ್ಟಿಗೆಹಾರ ರಸ್ತೆಯಲ್ಲಿ, ಮನೆಗಳೇ ಇಲ್ಲದ ಕಡೆ, ಜಡಿಮಳೆಯಲ್ಲಿ ಎಂಜಿನ್ನೂ ದೀಪಗಳೂ ಒಟ್ಟಿಗೇ ಆರಿಹೋಗಿವೆ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ತೋಟದ ಪಿಕಪ್ ಒಂದು ಬರುವವರೆಗೆ ಎರಡು ಗಂಟೆ ಕತ್ತಲಲ್ಲಿ ಕುಳಿತಿದ್ದಾರೆ. ಅಲ್ಲಾಹನ ದಯೆಯಿಂದ ಆ ತಾಯಿ ಬದುಕಿದರು. ಕೆಟ್ಟದ್ದು ವೈರಿಂಗು. ನೀರು ಕುಡಿದ ತಂತಿಗಳು ಒಳಗೊಳಗೇ ಕಿಲುಬು ಹಿಡಿದಿದ್ದವು.

ವಾರದ ನಂತರ ಅವರು ಅಂಗಡಿಗೆ ಬಂದರು. ಬೈಯುತ್ತಾರೆಂದು ಕಾದಿದ್ದೆವು. ಅವರು ಹೇಳಿದ್ದು ಇಷ್ಟು: “ನಾನೇ ಕೇಳ್ಬೇಕಿತ್ತು ಅಣ್ಣಾ. ಆದ್ರೆ ಏನು ಕೇಳ್ಬೇಕು ಅಂತ ನಂಗೆ ಗೊತ್ತಿರ್ಲಿಲ್ಲ.”

ಗಾಡಿಯನ್ನು ವಾಪಸ್ ಪಡೆದು ಮೂರು ಕಂತಿನಲ್ಲಿ ಅವರ ಹಣ ಕೊಟ್ಟೆವು. ಲೆಕ್ಕ ತೀರಿತು. ಆದರೆ ಅವರ ಮಾತು ಮಾತ್ರ ನಮ್ಮನ್ನು ಬಿಡಲಿಲ್ಲ. ಏನು ಕೇಳಬೇಕೆಂಬುದೇ ತಿಳಿಯದವನ ಮುಂದೆ ಎಲ್ಲವನ್ನೂ ತಿಳಿದವನು ಸುಮ್ಮನಿದ್ದರೆ ಅದಕ್ಕೆ ಏನೆನ್ನಬೇಕು?

ನಮ್ಮನ್ನು ಸಮಾಧಾನಪಡಿಸಲೆಂದು ಪರಿಚಯದ ವಕೀಲರೊಬ್ಬರು 1872ರ ಭಾರತೀಯ ಕರಾರು ಕಾಯಿದೆಯ 17ನೇ ಸೆಕ್ಷನ್ ತೆಗೆದು ತೋರಿಸಿದರು. ವಂಚನೆ ಎಂದರೇನು ಎಂಬುದನ್ನು ಅಲ್ಲಿ ಕುದುರೆಯ ಉದಾಹರಣೆಗಳಿಂದ ವಿವರಿಸಿದ್ದಾರೆ. ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಅದರ ದೋಷ ಅವನಿಗೆ ಗೊತ್ತು, ಆದರೂ ಕೊಳ್ಳುವವನಿಗೆ ಏನೂ ಹೇಳುವುದಿಲ್ಲ. ಕಾಯಿದೆಯ ಪ್ರಕಾರ ಅದು ವಂಚನೆಯಲ್ಲ. “ನೋಡಿದಿರಾ, ಸುಮ್ಮನಿರುವುದು ಅಪರಾಧವಲ್ಲ” ಎಂದರು ವಕೀಲರು.

ಆದರೆ ಅದರ ಕೆಳಗೇ ಇನ್ನೂ ಎರಡು ಉದಾಹರಣೆಗಳಿದ್ದವು. ಒಂದರಲ್ಲಿ ಕುದುರೆಯನ್ನು ಕೊಳ್ಳುವವಳು ಮಾರುವವನ ಮಗಳು, ಆಗಷ್ಟೇ ಪ್ರಾಯಕ್ಕೆ ಬಂದವಳು. ಆ ಸಂಬಂಧದಿಂದಾಗಿ ಕುದುರೆಯ ದೋಷವನ್ನು ಹೇಳುವುದು ತಂದೆಯ ಕರ್ತವ್ಯವಾಗುತ್ತದೆ. ಇನ್ನೊಂದರಲ್ಲಿ ಕೊಳ್ಳುವವನೇ ಹೇಳುತ್ತಾನೆ: ನೀನು ಅಲ್ಲಗಳೆಯದಿದ್ದರೆ ಕುದುರೆ ಸರಿಯಿದೆಯೆಂದು ನಾನು ತಿಳಿಯುತ್ತೇನೆ. ಆಗ ಮಾರುವವನ ಮೌನ ಮಾತಿಗೆ ಸಮ.

ನಮ್ಮ ಅಂಗಡಿಗೆ ಬಂದ ಆ ರೈಟರು ಬಾಯಿಬಿಟ್ಟು ಹೇಳದಿದ್ದರೂ ಹೇಳಿದ್ದು ಇದನ್ನೇ ಅಲ್ಲವೇ? ಕೆಟ್ಟದ್ದಿದ್ದರೆ ಇವರು ಹೇಳುತ್ತಾರೆ ಎಂಬ ನಂಬಿಕೆಯಿಂದಲೇ ಅವರು ಹಣದ ಪೊಟ್ಟಣ ಬಿಚ್ಚಿದ್ದು. ಮೌನ ಸಮ್ಮತಿಯ ಲಕ್ಷಣ ಎನ್ನುತ್ತಾರೆ. ಅವರ ತಪ್ಪು ತಿಳಿವಳಿಕೆಗೆ ನಾವು ಮೌನದಿಂದಲೇ ಸಮ್ಮತಿ ಕೊಟ್ಟಿದ್ದೆವು. ಇನ್ನು ಮಗಳ ಉದಾಹರಣೆಯಂತೂ ನೇರವಾಗಿ ಎದೆಗೆ ನಾಟುವಂಥದ್ದು. ಸ್ವಂತ ಮಗಳಿಗೆ ಹೇಳಬೇಕಾದದ್ದನ್ನು ಬೇರೆಯವರ ಮಗಳಿಗೆ ಹೇಳಬೇಕಾಗಿಲ್ಲ ಎಂಬ ಗೆರೆಯನ್ನು ಕಾಯಿದೆ ಎಳೆಯಬಹುದು. ಧರ್ಮಕ್ಕೆ ಆ ಗೆರೆ ಒಪ್ಪಿಗೆಯೇ?

ಪ್ರವಾದಿ ಮುಹಮ್ಮದ್(ಸ) ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈಯಿಟ್ಟ ಘಟನೆ ಹದೀಸ್‌ಗಳಲ್ಲಿ ಪ್ರಸಿದ್ಧವಾಗಿದೆ. ಮೇಲೆ ಒಣಗಿದ್ದ ರಾಶಿ ಒಳಗೆ ಒದ್ದೆಯಾಗಿತ್ತು. ಇದೇನೆಂದು ಕೇಳಿದಾಗ ಮಳೆ ತಾಗಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆಯೇ ಯಾಕೆ ಇಡಲಿಲ್ಲ ಎಂದು ಪ್ರವಾದಿ(ಸ) ಕೇಳಿದರು. ಮೋಸ ಮಾಡುವವನು ನಮ್ಮವನಲ್ಲ ಎಂದೂ ಎಚ್ಚರಿಸಿದರು.

ಈ ಹದೀಸನ್ನು ನಾವು ಮದ್ರಸದಲ್ಲೇ ಕಲಿತಿದ್ದೆವು. ಆದರೆ ಅದರಲ್ಲಿ ಮಳೆಯೂ ಇದೆಯೆಂಬುದು ಗಮನಕ್ಕೆ ಬಂದದ್ದು ಈ ಪ್ರಸಂಗದ ನಂತರ. ಆ ವ್ಯಾಪಾರಿ ಧಾನ್ಯಕ್ಕೆ ನೀರು ಸುರಿದವನಲ್ಲ. ಮಳೆ ಬಂದದ್ದು ಅವನ ತಪ್ಪಾಗಿರಲಿಲ್ಲ. ಅವನನ್ನು ಕೇಳಿದ್ದು ಒದ್ದೆಯಾದದ್ದನ್ನು ಅಡಿಗೆ ಸೇರಿಸಿದ್ದಕ್ಕೆ. ಕೊಡಗಿನ ಮಳೆಯೂ ನಮ್ಮ ತಪ್ಪಲ್ಲ. ಕಾರ್ಪೆಟ್ ಹಾಸಿದ್ದು ನಮ್ಮ ಕೈ.

ಕಾಫಿ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೆರ್ರಿ ಕಾಫಿಯನ್ನು ಯಾವ ವ್ಯಾಪಾರಿಯೂ ಓ.ಟಿ. ನೋಡದೆ, ತೇವಾಂಶ ಅಳೆಯದೆ ಕೊಳ್ಳುವುದಿಲ್ಲ. ಒದ್ದೆ ಕಾಫಿ ಒಣ ಕಾಫಿಯೊಡನೆ ಬೆರೆತರೆ ಇಡೀ ಮೂಟೆಗೇ ಬೂಷ್ಟು. ಆದರೆ ಕಾಫಿಯನ್ನು ಅಳೆಯಲು ಉಪಕರಣವಿದೆ. ಹಳೆ ಕಾರಿನ ಗಿರಾಕಿಗೆ ಮಾರುವವನ ನಾಲಿಗೆಯೇ ಉಪಕರಣ.

ಮಾರುವ ಮೊದಲು ಒಂಟೆ, ಆಡುಗಳ ಹಾಲನ್ನು ಕರೆಯದೆ ಬಿಟ್ಟು, ಕೆಚ್ಚಲು ತುಂಬಿದಂತೆ ತೋರಿಸುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಹಾಗೆ ಮೋಸಹೋದವನಿಗೆ ಪ್ರಾಣಿಯನ್ನು ಮರಳಿಸುವ ಹಕ್ಕಿದೆ, ಒಂದು ವರದಿಯಂತೆ ಅದಕ್ಕೆ ಮೂರು ದಿನಗಳ ಅವಧಿಯಿದೆ. ಮೀಟರ್ ತಿರುಗಿಸುವುದು, ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಇದೇ ಕೆಚ್ಚಲು ಕಟ್ಟುವ ಕೆಲಸದ ಇಂದಿನ ರೂಪಗಳು.

ಇಮಾಮ್ ಗಝ್ಝಾಲಿ(ರ) ತಮ್ಮ ‘ಇಹ್ಯಾ’ದಲ್ಲಿ ಸಂಪಾದನೆಯ ಅಧ್ಯಾಯದಲ್ಲಿ ಸಹಾಬಿ ವಾಸಿಲಾ ಇಬ್ನು ಅಸ್ಕಾ(ರ)ರ ಪ್ರಸಂಗವೊಂದನ್ನು ಹೇಳಿದ್ದಾರೆ. ಅವರು ನಿಂತಿದ್ದ ಕಡೆ ಯಾರೋ ಒಬ್ಬ ತನ್ನ ಒಂಟೆಯನ್ನು 300 ದಿರ್‌ಹಮಿಗೆ ಮಾರಿದ. ವಾಸಿಲಾ(ರ) ಗಮನಿಸುವಷ್ಟರಲ್ಲಿ ಕೊಂಡವನು ಹೊರಟುಹೋಗಿದ್ದ. ಅವನ ಹಿಂದೆ ಕೂಗುತ್ತಾ ಓಡಿ, ಇದನ್ನು ಕೊಂಡದ್ದು ಮಾಂಸಕ್ಕೋ ಸವಾರಿಗೋ ಎಂದು ಕೇಳಿದರು. ಸವಾರಿಗೆ ಎಂದು ಉತ್ತರ ಬಂತು. ಇದರ ಗೊರಸಿನಲ್ಲಿ ತೂತಿದೆ, ಸತತ ಪ್ರಯಾಣಕ್ಕೆ ಇದು ಆಗದು ಎಂದರು. ಅವನು ಮರಳಿ ಬಂದ, ಮಾರಿದವನು 100 ದಿರ್‌ಹಮ್ ಇಳಿಸಬೇಕಾಯಿತು. ನನ್ನ ವ್ಯಾಪಾರ ಕೆಡಿಸಿದಿರಲ್ಲ ಎಂದು ಅವನು ಗೊಣಗಿದಾಗ, ಪ್ರತಿಯೊಬ್ಬ ಮುಸ್ಲಿಮನ ಹಿತವನ್ನು ಬಯಸುತ್ತೇವೆಂದು ಪ್ರವಾದಿ(ಸ)ಯವರಿಗೆ ಮಾತು ಕೊಟ್ಟವರು ನಾವು ಎಂಬರ್ಥದಲ್ಲಿ ವಾಸಿಲಾ(ರ) ಉತ್ತರಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಒಂಟೆ ಅವರದ್ದಾಗಿರಲಿಲ್ಲ, ಆದರೂ ತಿಳಿದವರೆಂಬ ಒಂದೇ ಕಾರಣಕ್ಕೆ ಅವರು ಓಡಿದರು. ಎರಡನೆಯದಾಗಿ, ಅವರು ಮೊದಲು ಕೇಳಿದ್ದು ಮಾಂಸಕ್ಕೋ ಸವಾರಿಗೋ ಎಂದು. ಯಾವ ದೋಷವನ್ನು ಹೇಳಲೇಬೇಕು ಎಂಬುದಕ್ಕೆ ಉತ್ತರ ಈ ಪ್ರಶ್ನೆಯಲ್ಲಿದೆ. ಪೇಟೆಯೊಳಗೆ ಮಾತ್ರ ಓಡಿಸುವವನಿಗೆ ಸವೆದ ಕ್ಲಚ್ ಪ್ಲೇಟ್ ಒಂದು ಖರ್ಚು. ಚಾರ್ಮಾಡಿ ಘಾಟಿ ಹತ್ತಿಳಿಯುವವನಿಗೆ ಅದು ಆಪತ್ತು. ಆದ್ದರಿಂದ ಗಿರಾಕಿ ಗಾಡಿಯ ಬಗ್ಗೆ ಕೇಳುವ ಮೊದಲೇ ಗಾಡಿ ಯಾವ ಕೆಲಸಕ್ಕೆ ಎಂದು ನಾವೇ ಕೇಳಬೇಕು. ಆ ರೈಟರನ್ನು ನಾವು ಹಾಗೆ ಕೇಳಿದ್ದರೆ ತಾಯಿಯ ಕಾಯಿಲೆಯ ವಿಷಯ ಬರುತ್ತಿತ್ತು. ಆಮೇಲೆ ಸುಮ್ಮನಿರುವುದು ನಮ್ಮಿಂದಲೂ ಆಗುತ್ತಿರಲಿಲ್ಲವೇನೋ.

ಹೇಳುವುದು ಸುಲಭ, ಹೊಟ್ಟೆಪಾಡಿನ ಗತಿಯೇನು ಎಂದು ನಮ್ಮಂಥ ಇತರ ವ್ಯಾಪಾರಿಗಳು ಕೇಳುತ್ತಾರೆ. ದೋಷ ಹೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಅದಕ್ಕಿಂತ ಕೆಟ್ಟ ಗಾಡಿಯನ್ನು ನಗುನಗುತ್ತಾ ಕೊಳ್ಳುತ್ತಾನೆ. ಇದು ಸುಳ್ಳಲ್ಲ, ನಾವೇ ಕಣ್ಣಾರೆ ಕಂಡಿದ್ದೇವೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆ ಕಾರಿನ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನ ಬರೆದರು. 2001ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದದ್ದು ಈ ವಿಚಾರಕ್ಕೇ. ಅವರ ವಾದ ಸರಳವಾದದ್ದು. ಒಳ್ಳೆಯ ಗಾಡಿ ಯಾವುದು, ಕೆಟ್ಟದ್ದು ಯಾವುದು ಎಂದು ಮಾರುವವನಿಗೆ ಮಾತ್ರ ಗೊತ್ತಿದ್ದರೆ ಕೊಳ್ಳುವವನು ಎಲ್ಲವನ್ನೂ ಸಂಶಯದಿಂದ ನೋಡಿ ಕಡಿಮೆ ಬೆಲೆ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವರು ಮಾರಲು ಬರುವುದಿಲ್ಲ. ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯುವುದು ಕೆಟ್ಟ ಗಾಡಿಗಳೇ. ಅಂದರೆ ಹೊಟ್ಟೆಪಾಡಿಗೆಂದು ಎಲ್ಲರೂ ಕಾಪಾಡಿಕೊಂಡ ಮೌನ ಕೊನೆಗೆ ಎಲ್ಲರ ಹೊಟ್ಟೆಯ ಮೇಲೂ ಹೊಡೆಯುತ್ತದೆ.

ಇನ್ನು ಕೆಲವರ ಉಪಾಯ ಬೇರೆ. ಅವರು ಕಾರ್ಪೆಟನ್ನು ಎತ್ತಿಯೇ ನೋಡುವುದಿಲ್ಲ. ನೋಡದಿದ್ದರೆ ತಿಳಿಯುವುದಿಲ್ಲ, ತಿಳಿಯದಿದ್ದರೆ ಹೇಳಬೇಕಾಗಿಲ್ಲ! ಆದರೆ ಎಲ್ಲಿ ನೋಡಬೇಕೆಂದು ಬಲ್ಲವನು ಅಲ್ಲಿಂದ ಕಣ್ಣು ತಿರುಗಿಸಿದರೆ ಅದನ್ನು ಅಜ್ಞಾನ ಎನ್ನಲಾಗದು. ಕಂಡು ಮುಚ್ಚಿಟ್ಟವನಿಗೂ ಅವನಿಗೂ ಹೆಚ್ಚಿನ ಅಂತರವಿಲ್ಲ.

ಹೇಳುವ ಹೊಣೆ ಕೊಳ್ಳುವವನ ಕಡೆಗೆ ಮಾತ್ರವಲ್ಲ, ನಮಗೆ ಗಾಡಿ ಕೊಡುವವನ ಕಡೆಗೂ ಇದೆ. ಮಾಲೀಕನಿಂದ ಖಾಲಿ ಫಾರಂಗಳಿಗೆ ಸಹಿ ಹಾಕಿಸಿಕೊಂಡು, ಆರ್.ಸಿ.ಯಲ್ಲಿ ಹೆಸರು ಬದಲಿಸದೆ ಗಾಡಿಯನ್ನು ಕೈಯಿಂದ ಕೈಗೆ ದಾಟಿಸುವುದು ಈ ವ್ಯಾಪಾರದ ಹಳೆಯ ರೂಢಿ. ಗಾಡಿ ಎಂದೋ ಕೈಬಿಟ್ಟಿದ್ದರೂ ದಾಖಲೆಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಹಳೆ ವಾಹನಗಳ ಡೀಲರು ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆಯಬೇಕು. ಗಾಡಿ ಅವನ ಕೈಸೇರಿದ್ದನ್ನು ಇಲಾಖೆಗೆ ತಿಳಿಸಬೇಕು, ಅವನ ಬಳಿ ಇರುವಷ್ಟು ಕಾಲ ಹೊಣೆಯೂ ಅವನದೇ. ಒಳ್ಳೆಯ ನಿಯಮ. ಆದರೆ ಕಾರ್ಪೆಟಿನ ಅಡಿಯಲ್ಲಿ ಏನಿದೆ ಎಂದು ಹೇಳಿಸುವ ಫಾರಂ ಅದರಲ್ಲಿಲ್ಲ.

ಕೊನೆಯದಾಗಿ ಒಂದು ಮಾತು. “ನಮ್ಮವನೊಬ್ಬ ಮೋಸ ಮಾಡಿದರೆ ಇಡೀ ಸಮುದಾಯಕ್ಕೆ ಕೆಟ್ಟ ಹೆಸರು, ಆದ್ದರಿಂದ ಪ್ರಾಮಾಣಿಕರಾಗಿರಿ” ಎಂದು ನಮ್ಮ ಹಿರಿಯರು ಬುದ್ಧಿ ಹೇಳುತ್ತಾರೆ. 2022ರಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಜಾಗವಿಲ್ಲವೆಂಬ ಬ್ಯಾನರುಗಳನ್ನು ಕಂಡ ಮೇಲೆ ಆ ಮಾತಿನ ಹಿಂದಿರುವ ಆತಂಕ ನಮಗೂ ಅರ್ಥವಾಗುತ್ತದೆ. ಆದರೂ ಅದು ಅರ್ಧ ಸತ್ಯ. ಹೆಸರು ಕೆಡುತ್ತದೆಂಬ ಭಯದಿಂದ ನಿಜ ಹೇಳುವವನು ಹೆಸರು ಕೆಡದ ಕಡೆ ಸುಮ್ಮನಿರುತ್ತಾನೆ. ಆ ರೈಟರು ನಮ್ಮ ಸಮುದಾಯದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಮಗೆ ಕೆಟ್ಟ ಹೆಸರೂ ಬರಲಿಲ್ಲ. ಹಾಗೆಂದು ಆ ರಾತ್ರಿಯ ಎರಡು ಗಂಟೆಗಳು ಇಲ್ಲವಾಗುತ್ತವೆಯೇ?

ಈಗ ನಮ್ಮ ಪ್ರತಿಯೊಂದು ಗಾಡಿಯ ಮುಂದಿನ ಗಾಜಿನ ಒಳಗೆ ಒಂದು ಹಾಳೆ ಅಂಟಿಸಿರುತ್ತೇವೆ. ನಮಗೆ ತಿಳಿದ ದೋಷಗಳನ್ನೆಲ್ಲ ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ ಬರೆದಿರುತ್ತೇವೆ. ಅದನ್ನು ಓದಿ ಹಿಂದಿರುಗಿದವರು ಬಹಳ ಮಂದಿ. ವ್ಯಾಪಾರ ಮೊದಲಿಗಿಂತ ಕಡಿಮೆಯಾಗಿದೆ, ತಮ್ಮ ಒಮ್ಮೊಮ್ಮೆ ಆ ಹಾಳೆಗಳನ್ನು ನೋಡಿ ನಿಟ್ಟುಸಿರು ಬಿಡುತ್ತಾನೆ. ಒಳ್ಳೆಯವರಾದದ್ದಕ್ಕೆ ಲಾಭ ಹೆಚ್ಚಾಯಿತೆಂದು ಬರೆದರೆ ಓದುಗರಿಗೆ ಹಿತವೆನಿಸಬಹುದು, ಆದರೆ ಅದು ಇನ್ನೊಂದು ಸುಳ್ಳಾದೀತು.

ಹೋದ ಬೇಸಿಗೆಯಲ್ಲಿ ಆ ರೈಟರು ಮತ್ತೆ ಬಂದಿದ್ದರು. ಒಂದು ಗಾಡಿಯ ಹಾಳೆಯನ್ನು ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಬ್ರೇಕಿನ ಬಗ್ಗೆ ಒಂದು, ಟೈರಿನ ಬಗ್ಗೆ ಒಂದು ಪ್ರಶ್ನೆ ಕೇಳಿದರು. ಗಾಡಿ ಕೊಳ್ಳಲಿಲ್ಲ. ಆದರೆ ಈ ಸಲ ಏನು ಕೇಳಬೇಕೆಂದು ಅವರಿಗೆ ಗೊತ್ತಿತ್ತು.